ಗೇಮ್‌ಗಳಿಗೂ ಎಂಆರ್‌ಪಿ ಹಾಕಿಸಿ

ಇವರಿಗೆ,
ಮುಖ್ಯ ಆಯುಕ್ತರು,
ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ,
ನವದೆಹಲಿ

ಮಾನ್ಯರೇ,

ನಾನು ತುಮಕೂರಿನವನು. ಮಂಡಿಪೇಟೆಯಲ್ಲಿ ನಮ್ಮದೊಂದು ಕಿರಾಣಿ ಅಂಗಡಿ ಇದೆ, ಅಪ್ಪನ ಕಾಲದ್ದು. ಹಗಲು ಅಂಗಡಿ ನೋಡಿಕೊಳ್ಳುತ್ತೇನೆ. ರಾತ್ರಿ ಊಟ ಆದ ಮೇಲೆ ಒಂದೆರಡು ಗಂಟೆ ಗೇಮ್ ಆಡುತ್ತೇನೆ. ವಯಸ್ಸು 34. ಈ ವಯಸ್ಸಿನಲ್ಲಿ ಗೇಮ್ ಯಾಕೆ ಅಂತ ಕೇಳುವವರು ಇದ್ದಾರೆ. ಕೆಲವರಿಗೆ ಕ್ರಿಕೆಟ್ ಹೇಗೋ ನನಗೆ ಇದು ಹಾಗೆ. ಇಪ್ಪತ್ತು ವರ್ಷದಿಂದ ಆಡುತ್ತಿದ್ದೇನೆ, ಇನ್ನೂ ಬೇಜಾರಾಗಿಲ್ಲ. ಆದ್ದರಿಂದ ಗೇಮ್‌ಗಳನ್ನು ಬೈಯಲು ಈ ಪತ್ರ ಬರೆಯುತ್ತಿಲ್ಲ. ಅವುಗಳನ್ನು ಮಾರುವ ರೀತಿ ಬಗ್ಗೆ ಬರೆಯುತ್ತಿದ್ದೇನೆ. ಅದನ್ನು ಸರಿ ಮಾಡುವುದು ನಿಮ್ಮ ಕೈಯಲ್ಲಿದೆ ಅಂತ ನಂಬಿ ಬರೆಯುತ್ತಿದ್ದೇನೆ.

ಮೊದಲು ನಮ್ಮ ಅಂಗಡಿ ವಿಷಯ ಹೇಳುತ್ತೇನೆ. ನಾನು ಚಿಕ್ಕವನಿದ್ದಾಗ ಅಪ್ಪ ತಕ್ಕಡಿ, ತೂಕದ ಕಲ್ಲು ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿ, ಸೈಕಲ್ ಮೇಲೆ ಇಟ್ಟುಕೊಂಡು ಹೋಗಿ ಸರ್ಕಾರಿ ಮುದ್ರೆ ಹಾಕಿಸಿಕೊಂಡು ಬರುತ್ತಿದ್ದರು. ಮುದ್ರೆ ಇಲ್ಲದ ಕಲ್ಲು ಅಂಗಡಿಯಲ್ಲಿ ಸಿಕ್ಕರೆ ದಂಡ. ಇವತ್ತು ನಾನು ಮಾರುವ ಬಿಸ್ಕತ್ತಿನ ಪೊಟ್ಟಣದ ಮೇಲೆ ತೂಕ ಇದೆ, ತಯಾರಾದ ದಿನ ಇದೆ, ಎಲ್ಲಾ ತೆರಿಗೆ ಸೇರಿ ಇಷ್ಟೇ ರೂಪಾಯಿ ಅಂತ ಬೆಲೆ ಇದೆ, ದೂರು ಕೊಡಲು ಫೋನ್ ನಂಬರ್ ಇದೆ. ಐದು ರೂಪಾಯಿ ಬಿಸ್ಕತ್ತಿಗೆ ಇಷ್ಟೆಲ್ಲ ಇರಲೇಬೇಕು. ಇದು ಕಾನೂನು ಮಾಪನಶಾಸ್ತ್ರ ಕಾಯ್ದೆ, 2009. ಅದನ್ನು ನೋಡಿಕೊಳ್ಳುವುದು ನಿಮ್ಮದೇ ಗ್ರಾಹಕ ವ್ಯವಹಾರಗಳ ಇಲಾಖೆ. ನನಗೆ ಈ ಕಾನೂನಿನ ಮೇಲೆ ಗೌರವ ಇದೆ. ನಮ್ಮ ಅಂಗಡಿಗೆ ಗಿರಾಕಿ ಧೈರ್ಯವಾಗಿ ಬರುವುದು ಇದರಿಂದಲೇ.

ಈಗ ನಮ್ಮ ಅಕ್ಕನ ಮಗನ ವಿಷಯ.

ಅಕ್ಕನ ಮನೆ ಗುಬ್ಬಿ ತಾಲೂಕಿನ ಒಂದು ಹಳ್ಳಿಯಲ್ಲಿದೆ. ತೆಂಗಿನ ತೋಟ ಇದೆ. ಕೊಬ್ಬರಿ ಮಾರಿದ ದುಡ್ಡು ಅಕ್ಕನ ಅತ್ತೆಯ ಬ್ಯಾಂಕ್ ಖಾತೆಗೆ ಬರುತ್ತದೆ. ಅವರ ಫೋನಿಗೆ ಯುಪಿಐ ಹಾಕಿಕೊಟ್ಟವನು ಮೊಮ್ಮಗನೇ. ಹನ್ನೆರಡು ವರ್ಷದ ಹುಡುಗ. ಅಜ್ಜಿಗೆ ಪಿನ್ ನೆನಪಿರಲ್ಲ, ಇವನಿಗೆ ಇರುತ್ತದೆ. ಹೋದ ವರ್ಷ ಗೊಬ್ಬರಕ್ಕೆ ಅಂತ ಭಾವ ದುಡ್ಡು ತೆಗೆಯಲು ಹೋದಾಗ ಖಾತೆಯಲ್ಲಿ 18,740 ರೂಪಾಯಿ ಕಮ್ಮಿ ಇತ್ತು. ಯಾರೋ ಫೋನ್ ಮಾಡಿ ಮೋಸ ಮಾಡಿದ್ದಾರೆ ಅಂತ ಎಲ್ಲರೂ ಗಾಬರಿಯಾದರು. ಅತ್ತೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಪಾಸ್‌ಬುಕ್ ಎಂಟ್ರಿ ಮಾಡಿಸಿಕೊಂಡು ನನ್ನ ಹತ್ತಿರ ತಂದರು. 89 ರೂಪಾಯಿ, 89 ರೂಪಾಯಿ, 159, 89, 449, 159. ಹೀಗೆ ಹನ್ನೊಂದು ದಿನದಲ್ಲಿ ಎರಡು ಪುಟ ತುಂಬಿತ್ತು. ನೋಡಿದ ತಕ್ಷಣ ನನಗೆ ಗೊತ್ತಾಯಿತು. ಇಂಥ ಮೊತ್ತಗಳನ್ನು ನಾನು ಎಷ್ಟೋ ಗೇಮ್‌ಗಳಲ್ಲಿ ನೋಡಿದ್ದೇನೆ.

ಹುಡುಗನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಮೆಲ್ಲಗೆ ಕೇಳಿದೆ. ಅವನು ಸುಳ್ಳು ಹೇಳಲಿಲ್ಲ. "ಮಾಮ, ಇನ್ನೊಂದು ಸ್ಪಿನ್ ಹಾಕಿದ್ರೆ ಬಂದೇ ಬಿಡ್ತಿತ್ತು" ಅಂದು ಅಳಲು ಶುರು ಮಾಡಿದ. ಅವನಿಗೆ ಬೇಕಿದ್ದದ್ದು ಹುಲಿ ಮುಖ ಇರುವ ಒಂದು ಬಂದೂಕು. ಶೂಟಿಂಗ್ ಗೇಮಿನಲ್ಲಿ. ಅವನ ತರಗತಿಯ ಒಬ್ಬ ಹುಡುಗನ ಹತ್ತಿರ ಅದು ಇತ್ತು.

ಅವತ್ತು ರಾತ್ರಿ ಆ ಗೇಮನ್ನು ನನ್ನ ಫೋನಿನಲ್ಲಿ ಹಾಕಿಕೊಂಡು ಕೂತೆ. ನಾನು ಕಂಡದ್ದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ದಯವಿಟ್ಟು ಓದಿ. ತೆರೆದ ಕೂಡಲೇ ಒಂದು ಚಕ್ರ. ಹತ್ತು ಬಹುಮಾನ. ಮೇಲೆ ಗಡಿಯಾರ, 23 ಗಂಟೆ 59 ನಿಮಿಷದಿಂದ ಕೆಳಗೆ ಇಳಿಯುತ್ತಿತ್ತು. ಆಫರ್ ಮುಗಿದೇ ಹೋಗುತ್ತದೆ ಅನ್ನುವ ಹಾಗೆ. ಮಾರನೇ ದಿನ ನೋಡಿದರೆ ಮತ್ತೆ 23 ಗಂಟೆ 59 ನಿಮಿಷ. ಚಕ್ರ ತಿರುಗಿಸಲು ರೂಪಾಯಿ ನಡೆಯಲ್ಲ, ಅವರದೇ ಹರಳು, ಅಂದರೆ ಗೇಮಿನ ಒಳಗಿನ ನಾಣ್ಯ ಬೇಕು. ಒಂದು ಸಲಕ್ಕೆ 60 ಹರಳು. ಆದರೆ ಹರಳು ಸಿಗುವುದು 50ರ ಪೊಟ್ಟಣದಲ್ಲಿ, ಇಲ್ಲದಿದ್ದರೆ 130ರ ಪೊಟ್ಟಣದಲ್ಲಿ. 60 ಬೇಕು ಅಂದರೆ ಸಿಗಲ್ಲ. 130 ತಗೊಂಡರೆ ಎರಡು ಸಲ ತಿರುಗಿಸಿ 10 ಉಳಿಯುತ್ತದೆ. ಉಳಿದದ್ದು ವಾಪಸ್ ರೂಪಾಯಿ ಆಗಲ್ಲ. ಅದನ್ನು ಖಾಲಿ ಮಾಡಲು ಇನ್ನೊಂದು ಪೊಟ್ಟಣ ಬೇಕು. ನಾನು ಅಂಗಡಿಯಲ್ಲಿ ಕಾಲು ಕೆಜಿ ಬೆಲ್ಲ ಕೇಳಿದವರಿಗೆ "ಒಂದೂವರೆ ಕೆಜಿಯೇ ತಗೋಬೇಕು, ಉಳಿದದ್ದು ನನ್ನ ಹತ್ತಿರವೇ ಇರಲಿ" ಅಂದರೆ ಒಪ್ಪುತ್ತಾರಾ?

ಚಕ್ರ ನಿಲ್ಲುವಾಗ ಮುಳ್ಳು ಹುಲಿ ಬಂದೂಕಿನ ಪಕ್ಕದ ಮನೆಗೇ ಬಂದು ನಿಲ್ಲುತ್ತದೆ. ಒಂದು ಕೂದಲೆಳೆಯಲ್ಲಿ ತಪ್ಪಿತು ಅನ್ನಿಸುತ್ತದೆ. ನಾನು ಹನ್ನೆರಡು ಸಲ ನೋಡಿದೆ, ಏಳು ಸಲ ಹೀಗೆಯೇ ಆಯಿತು. ಬಂದೂಕು ಸಿಗುವ ಸಾಧ್ಯತೆ ಎಷ್ಟು ಅಂತ ಹುಡುಕಿದೆ. ನಾಲ್ಕು ಪರದೆ ದಾಟಿದ ಮೇಲೆ, ಇಂಗ್ಲಿಷ್‌ನಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ ಸಿಕ್ಕಿತು. ನೂರಕ್ಕೆ ಒಂದು.

ಹುಡುಗ ಅದನ್ನು ಓದಿರಲಿಲ್ಲ. ಓದಿದ್ದರೂ ಅವನು ಅರ್ಥ ಮಾಡಿಕೊಳ್ಳುತ್ತಿದ್ದದ್ದು ಬೇರೆ. ನೂರಕ್ಕೆ ಒಂದು ಅಂದರೆ ನೂರು ಸಲ ತಿರುಗಿಸಿದರೆ ಒಂದು ಸಿಕ್ಕೇ ಸಿಗುತ್ತದೆ ಅಂತ ದೊಡ್ಡವರೂ ಅಂದುಕೊಳ್ಳುತ್ತಾರೆ. ಲೆಕ್ಕ ಹಾಗಿಲ್ಲ. ನೂರು ಜನ ತಲಾ ನೂರು ಸಲ ತಿರುಗಿಸಿದರೆ, ಅವರಲ್ಲಿ ಸುಮಾರು 37 ಜನಕ್ಕೆ ಒಂದು ಸಲವೂ ಸಿಗಲ್ಲ. ಪ್ರತಿ ಸಲವೂ ಚಕ್ರ ಹೊಸದಾಗಿಯೇ ತಿರುಗುತ್ತದೆ. ಹಿಂದೆ ಎಷ್ಟು ಕಳೆದುಕೊಂಡೆವು ಅಂತ ಅದಕ್ಕೆ ನೆನಪಿರಲ್ಲ. ಆ 37 ಜನರಲ್ಲಿ ನಮ್ಮ ಹುಡುಗ ಒಬ್ಬ.

ಶಿವರಾತ್ರಿಗೆ ಸಿದ್ಧಗಂಗೆ ಜಾತ್ರೆಗೆ ಹೋದರೆ ಅಲ್ಲೂ ರಿಂಗ್ ಎಸೆಯುವ ಅಂಗಡಿ ಇರುತ್ತದೆ. ಅದೂ ಅದೃಷ್ಟದ ಆಟವೇ. ಆದರೆ ರಿಂಗ್ ಎಷ್ಟು ದೊಡ್ಡದು, ಸೋಪಿನ ಡಬ್ಬಿ ಎಷ್ಟು ದೊಡ್ಡದು ಅಂತ ಕಣ್ಣಿಗೆ ಕಾಣುತ್ತದೆ. ಇಪ್ಪತ್ತು ರೂಪಾಯಿ ನೋಟು ಕೈಯಿಂದ ಹೋಗುವುದು ಕಾಣುತ್ತದೆ. ಪಕ್ಕದಲ್ಲಿ ಅಪ್ಪ ನಿಂತಿರುತ್ತಾನೆ. ಫೋನಿನಲ್ಲಿ ಇದ್ಯಾವುದೂ ಇಲ್ಲ.

ದುಡ್ಡು ವಾಪಸ್ ಕೇಳಿ ಆ ಗೇಮ್ ಕಂಪನಿಗೆ ಬರೆದೆ. ಯಂತ್ರದ ಉತ್ತರ ಬಂತು. ಇನ್ನೊಂದು ಸಲ ಬರೆದೆ, ಅದೇ ಉತ್ತರ. ಭಾವ "ಹೋಗಲಿ ಬಿಡು" ಅಂದರು. ಹುಡುಗನಿಗೆ ಏಟು ಬಿತ್ತು. ನನಗೆ ಅದೇ ಜಾಸ್ತಿ ಸಂಕಟ. ದೊಡ್ಡ ದೊಡ್ಡ ಓದು ಓದಿದವರು ಸೇರಿ ಕಟ್ಟಿದ ಬಲೆ ಅದು. ಅದಕ್ಕೆ ಬಿದ್ದದ್ದಕ್ಕೆ ಏಳನೇ ಕ್ಲಾಸಿನ ಮಗು ಏಟು ತಿಂದಿತು.

ನಾನು ಆಡಲು ಕಲಿತದ್ದು ಬಿ.ಎಚ್. ರಸ್ತೆಯ ಹತ್ತಿರ ಇದ್ದ ಒಂದು ಸೈಬರ್ ಸೆಂಟರಿನಲ್ಲಿ. ಗಂಟೆಗೆ 20 ರೂಪಾಯಿ. ಕೌಂಟರ್ ಸ್ಟ್ರೈಕ್, ವೈಸ್ ಸಿಟಿ ಆಡುತ್ತಿದ್ದೆವು. ಗಣಿತದ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ವೈಸ್ ಸಿಟಿಯ ಚೀಟ್ ಕೋಡ್ ಬರೆದಿಟ್ಟುಕೊಂಡಿರುತ್ತಿದ್ದೆವು. ಒಂದು ಕೋಡ್ ಹೊಡೆದರೆ ಬಂದೂಕು, ಇನ್ನೊಂದಕ್ಕೆ ಯುದ್ಧದ ಟ್ಯಾಂಕ್. ಸ್ನೇಹಿತನ ಹತ್ತಿರ ಹೊಸ ಕೋಡ್ ಇದ್ದರೆ ಒಂದು ಬನ್ ಕೊಡಿಸಿ ಬರೆಸಿಕೊಳ್ಳುತ್ತಿದ್ದೆವು. ಅವತ್ತು ಆಟ ಮಾಡಿದವರು ಖುಷಿಗೆ ಸುಮ್ನೆ ಕೊಟ್ಟಿದ್ದ ಬಂದೂಕನ್ನೇ ಇವತ್ತು ಚಕ್ರದ ಒಳಗೆ ಇಟ್ಟು ಮಾರುತ್ತಿದ್ದಾರೆ. ನಾನು ಹಳೇ ಕಾಲ ಚೆನ್ನಾಗಿತ್ತು ಅಂತ ಕೊರಗುವವನಲ್ಲ. ಈಗಿನ ಗೇಮ್‌ಗಳು ಎಷ್ಟೋ ಚೆನ್ನಾಗಿವೆ. ಪುಣೆಯ ಹುಡುಗರು ಮಾಡಿದ 'ರಾಜಿ' ಅನ್ನುವ ಗೇಮ್ 2020ರಲ್ಲಿ ಬಂತು. ನಮ್ಮ ಪುರಾಣ, ನಮ್ಮ ಕೋಟೆ ಕೊತ್ತಲ ನೋಡಿ ಮೈ ಜುಮ್ಮೆಂದಿತ್ತು. ಒಂದು ಸಲ ದುಡ್ಡು ಕೊಟ್ಟೆ, ಪೂರ್ತಿ ಆಡಿದೆ. ಹೀಗೆ ಮಾರುವುದೂ ಸಾಧ್ಯ ಅಂತ ಹೇಳಲು ಇದನ್ನು ಬರೆದೆ.

ಬೇರೆ ದೇಶಗಳಲ್ಲಿ ಏನಾಗಿದೆ ಅಂತ ನಿಮ್ಮ ಕಚೇರಿಗೆ ಗೊತ್ತಿರುತ್ತದೆ. ಆದರೂ ಈ ಪತ್ರ ಓದುವ ಅಪ್ಪ ಅಮ್ಮಂದಿರಿಗೆ ಗೊತ್ತಿರಲಿ. ಜಪಾನಿನಲ್ಲಿ ಚಿಲ್ಲರೆ ಚಿಲ್ಲರೆ ಸಾಮಾನು ಅದೃಷ್ಟದಲ್ಲಿ ಗೆದ್ದು, ಇಡೀ ಸೆಟ್ ಕೂಡಿದರೆ ದೊಡ್ಡ ಬಹುಮಾನ ಅನ್ನುವ 'ಕೊಂಪು ಗಚಾ' ಅಂತ ಒಂದು ಪದ್ಧತಿ ಇತ್ತು. 2012ರಲ್ಲಿ ಅದು ಕಾನೂನಿಗೆ ವಿರುದ್ಧ ಅಂತ ಹೇಳಿದ್ದು ಅಲ್ಲಿನ ಪೊಲೀಸರಲ್ಲ, ಗ್ರಾಹಕ ವ್ಯವಹಾರಗಳ ಸಂಸ್ಥೆ. ನಿಮ್ಮಂಥದ್ದೇ ಸಂಸ್ಥೆ. 2017ರಲ್ಲಿ ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2 ಅನ್ನುವ ಗೇಮ್ ಬಂದಾಗ, ಪೂರ್ತಿ ಬೆಲೆ ಕೊಟ್ಟು ಕೊಂಡವರಿಗೂ ಮುಖ್ಯ ಪಾತ್ರಗಳಿಗೆ ಬೀಗ ಹಾಕಿದ್ದರು. ಜಗತ್ತಿನ ಗೇಮರ್‌ಗಳೆಲ್ಲ ಸಿಡಿದೆದ್ದರು. ಬಿಡುಗಡೆಯ ಹಿಂದಿನ ದಿನ ಇಎ ಕಂಪನಿ ಗೇಮಿನ ಒಳಗಿನ ಮಾರಾಟವನ್ನು ನಿಲ್ಲಿಸಬೇಕಾಯಿತು. ಮಾರನೇ ವರ್ಷ ಬೆಲ್ಜಿಯಂ, ಒಳಗೆ ಏನಿದೆ ಅಂತ ಗೊತ್ತಿಲ್ಲದೆ ದುಡ್ಡು ಕೊಟ್ಟು ತೆರೆಯುವ 'ಲೂಟ್ ಬಾಕ್ಸ್' ಅನ್ನುವ ಅದೃಷ್ಟದ ಪೆಟ್ಟಿಗೆಗಳು ಜೂಜೇ ಅಂತ ತೀರ್ಮಾನಿಸಿತು.

ದಕ್ಷಿಣ ಕೊರಿಯಾದ್ದು ಇನ್ನೂ ಕೆಟ್ಟ ಕಥೆ. ಅಲ್ಲಿ ನೆಕ್ಸಾನ್ ಕಂಪನಿಗೆ 2024ರ ಜನವರಿಯಲ್ಲಿ 1,160 ಕೋಟಿ ವಾನ್ ದಂಡ ಬಿತ್ತು. ಮೇಪಲ್ ಸ್ಟೋರಿ ಗೇಮಿನಲ್ಲಿ ಆಟಗಾರರಿಗೆ ಹೇಳದೆ ಸಾಧ್ಯತೆಗಳನ್ನು ಬದಲಾಯಿಸಿದ್ದರು. ಜನ ತುಂಬಾ ಆಸೆಪಟ್ಟು ಹುಡುಕುತ್ತಿದ್ದ, ಆಯುಧಗಳಿಗೆ ಸೇರುವ ವಿಶೇಷ ಶಕ್ತಿಗಳ ಕೆಲವು ಜೋಡಣೆಗಳು ಸಿಗುವ ಸಾಧ್ಯತೆಯನ್ನು ಸೊನ್ನೆ ಮಾಡಿಟ್ಟಿದ್ದರು. ಸೊನ್ನೆ! ಎಷ್ಟು ದುಡ್ಡು ಸುರಿದರೂ ಬರುವ ಹಾಗೇ ಇರಲಿಲ್ಲ. ಆ ವರ್ಷದ ಮಾರ್ಚ್‌ನಿಂದ ಕೊರಿಯಾದಲ್ಲಿ ಸಾಧ್ಯತೆಗಳನ್ನು ಬಹಿರಂಗ ಮಾಡುವುದು ಕಡ್ಡಾಯ. ಇದನ್ನು ಓದಿದ ಮೇಲೆ, ನಮ್ಮ ಹುಡುಗನ ಚಕ್ರದಲ್ಲಿ ಬರೆದಿದ್ದ "ನೂರಕ್ಕೆ ಒಂದು" ನಿಜವೋ ಸುಳ್ಳೋ ಅಂತ ನಮ್ಮ ದೇಶದಲ್ಲಿ ಯಾರು ಪರೀಕ್ಷೆ ಮಾಡಿದ್ದಾರೆ ಅಂತ ಯೋಚನೆ ಬಂತು. ಅಪ್ಪನ ಕಲ್ಲಿಗೆ ಮುದ್ರೆ ಇತ್ತು. ಈ ಕಲ್ಲಿಗೆ?

ಅಮೆರಿಕದಲ್ಲಿ ಫೋರ್ಟ್‌ನೈಟ್ ಮಾಡಿದ ಎಪಿಕ್ ಗೇಮ್ಸ್ 2022ರ ಡಿಸೆಂಬರ್‌ನಲ್ಲಿ 52 ಕೋಟಿ ಡಾಲರ್ ಕಟ್ಟಲು ಒಪ್ಪಿಕೊಂಡಿತು. ಅದರಲ್ಲಿ 24.5 ಕೋಟಿ ಡಾಲರ್ ಗ್ರಾಹಕರಿಗೆ ವಾಪಸ್. ಒಂದು ಬಟನ್ ತಪ್ಪಿ ಒತ್ತಿದರೂ ದುಡ್ಡು ಹೋಗುವ ಹಾಗೆ ಪರದೆ ಮಾಡಿದ್ದರು ಅನ್ನುವುದು ಈ ವಾಪಸ್ ದುಡ್ಡಿನ ಹಿಂದಿದ್ದ ಮುಖ್ಯ ಆರೋಪ. ಯುರೋಪಿನ ಗ್ರಾಹಕ ಸಂಸ್ಥೆಗಳು 2025ರ ಮಾರ್ಚ್‌ನಲ್ಲಿ ಇನ್ನೂ ಸರಳವಾದ ಮಾತು ಹೇಳಿದವು. ಗೇಮಿನ ಒಳಗಿನ ಸಾಮಾನಿನ ಬೆಲೆಯನ್ನು ನಿಜವಾದ ದುಡ್ಡಿನಲ್ಲಿ ತೋರಿಸಿ, ಬೇಡದಿದ್ದರೂ ಹರಳಿನ ಪೊಟ್ಟಣ ಕೊಳ್ಳುವ ಹಾಗೆ ಮಾಡಬೇಡಿ. ನಾನು ಕೇಳುತ್ತಿರುವುದೂ ಅಷ್ಟೇ.

ನಮ್ಮಲ್ಲಿ ಕಾನೂನೇ ಇಲ್ಲ ಅಂತ ನಾನು ಹೇಳುತ್ತಿಲ್ಲ. 2025ರ ಆಗಸ್ಟ್‌ನಲ್ಲಿ ಮೂರೇ ದಿನದಲ್ಲಿ ಆನ್‌ಲೈನ್ ಗೇಮಿಂಗ್ ಕಾಯ್ದೆ ಬಂತು. 20ಕ್ಕೆ ಲೋಕಸಭೆ, 21ಕ್ಕೆ ರಾಜ್ಯಸಭೆ, 22ಕ್ಕೆ ರಾಷ್ಟ್ರಪತಿಗಳ ಅಂಕಿತ. ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಟಗಳು ನಿಂತವು. ನಮ್ಮ ಕ್ರಿಕೆಟ್ ತಂಡದ ಅಂಗಿ ಮೇಲಿದ್ದ ಅಂಥ ಕಂಪನಿಯ ಹೆಸರೇ ಹೋಯಿತು. ರಮ್ಮಿ ಆಡಿ ಮನೆ ಕಳೆದುಕೊಂಡವರನ್ನು ನಾನು ನೋಡಿದ್ದೇನೆ, ಅದಕ್ಕೇ ಈ ಕಾಯ್ದೆ ಬಂದಾಗ ಸಂತೋಷಪಟ್ಟೆ. ಇ-ಸ್ಪೋರ್ಟ್ಸ್‌ಗೆ, ಅಂದರೆ ಗೇಮ್‌ಗಳ ಪಂದ್ಯಾಟಕ್ಕೆ, ಮಾನ್ಯತೆ ಸಿಕ್ಕಿದ್ದಕ್ಕೂ ಸಂತೋಷಪಟ್ಟೆ. ಆದರೆ ಆ ಕಾಯ್ದೆಯ ಗುರಿ ಇದ್ದದ್ದು ದುಡ್ಡು ಗೆಲ್ಲುವ ಆಸೆಯ ಮೇಲೆ. ಹುಲಿ ಬಂದೂಕನ್ನು ಯಾರೂ ದುಡ್ಡಿಗೆ ಬದಲಾಯಿಸಲ್ಲ. ಅದನ್ನು ಅಂಗಡಿಗೆ ತಂದರೆ ಅರ್ಧ ಲೀಟರ್ ಹಾಲೂ ಬರಲ್ಲ. ಹೀಗಾಗಿ ಆ ಚಕ್ರ ಇವತ್ತೂ ತಿರುಗುತ್ತಿದೆ, ಅದೂ ಮಕ್ಕಳ ಗೇಮಿನಲ್ಲಿ.

ಆದ್ದರಿಂದಲೇ ಈ ಪತ್ರವನ್ನು ಗೃಹ ಇಲಾಖೆಗೆ ಬರೆಯದೆ ನಿಮಗೆ ಬರೆದೆ. 2023ರ ನವೆಂಬರ್ 30ರಂದು ನೀವು ಡಾರ್ಕ್ ಪ್ಯಾಟರ್ನ್ ತಡೆಯುವ ಮಾರ್ಗಸೂಚಿ ಹೊರಡಿಸಿದಿರಿ. ಗ್ರಾಹಕರನ್ನು ಯಾಮಾರಿಸುವ 13 ಬಗೆಯ ಉಪಾಯಗಳನ್ನು ಅದರಲ್ಲಿ ಹೆಸರಿಟ್ಟು ಬರೆದಿದ್ದೀರಿ. ಮುಗಿದೇ ಹೋಯಿತು ಅಂತ ಸುಳ್ಳು ಅವಸರ ಹುಟ್ಟಿಸುವುದು ಅದರಲ್ಲಿದೆ. ಪೂರ್ತಿ ಬೆಲೆಯನ್ನು ಮೊದಲೇ ಹೇಳದೆ ಇರುವುದು ಇದೆ. ಬೇಡ ಅಂದರೂ ಬಿಡದೆ ಪೀಡಿಸುವುದು ಇದೆ. ಮುಖ್ಯ ಮಾಹಿತಿಯನ್ನು ಮರೆಮಾಡುವ ಹಾಗೆ ಪರದೆ ಜೋಡಿಸುವುದೂ ಇದೆ. ಅದನ್ನು ಓದುವಾಗ ನನಗೆ ಆ ಚಕ್ರದ ಪರದೆಯನ್ನೇ ಎದುರಿಗಿಟ್ಟುಕೊಂಡು ಬರೆದ ಹಾಗೆ ಅನ್ನಿಸಿತು. ಭಾರತದಲ್ಲಿ ಸರಕು ಸೇವೆ ಮಾರುವ ಎಲ್ಲ ಪ್ಲಾಟ್‌ಫಾರ್ಮ್‌ಗಳಿಗೂ ಇದು ಅನ್ವಯ ಅಂತಲೂ ಬರೆದಿದ್ದೀರಿ. 2025ರ ಜೂನ್‌ನಲ್ಲಿ ಇ-ಕಾಮರ್ಸ್ ಕಂಪನಿಗಳಿಗೆ ಮೂರು ತಿಂಗಳಲ್ಲಿ ನಿಮ್ಮನ್ನು ನೀವೇ ಪರೀಕ್ಷೆ ಮಾಡಿಕೊಳ್ಳಿ ಅಂತ ಸೂಚಿಸಿದಿರಿ. ಗೇಮ್‌ಗಳ ಹೆಸರು ಎತ್ತಿ ಒಂದು ಸ್ಪಷ್ಟ ಸೂಚನೆ ಕೊಡಿ. ಹೊಸ ಕಾಯ್ದೆ ಬೇಕಿಲ್ಲ, ಇರುವ ಮಾರ್ಗಸೂಚಿಯನ್ನೇ ಅಲ್ಲಿಯವರೆಗೆ ಚಾಚಿದರೆ ಸಾಕು.

ಸೂಚನೆಯಲ್ಲಿ ಏನಿರಬೇಕು ಅಂತ ಒಬ್ಬ ಅಂಗಡಿಯವನಾಗಿ ಹೇಳುತ್ತೇನೆ. ಪ್ರತಿ ಸಾಮಾನಿನ ಪಕ್ಕ ರೂಪಾಯಿಯಲ್ಲಿ ಬೆಲೆ ಇರಲಿ. ಅದೃಷ್ಟದ ಚಕ್ರ ಇಟ್ಟರೆ, ಸಿಗುವ ಸಾಧ್ಯತೆ ಎಷ್ಟು ಅಂತ ತಿರುಗಿಸುವ ಬಟನ್ ಮೇಲೆಯೇ ದಪ್ಪ ಅಕ್ಷರದಲ್ಲಿ ಇರಲಿ, ಕನ್ನಡದಲ್ಲೂ ಇರಲಿ. ಜಾಹೀರಾತು ಕನ್ನಡದಲ್ಲಿ ಕೊಡಲು ಬರುತ್ತದೆ ಅಂದಮೇಲೆ ಇದನ್ನೂ ಬರೆಯಲು ಬರುತ್ತದೆ. ಬರೆದ ಲೆಕ್ಕ ನಿಜವೇ ಅಂತ ಆಗಾಗ ಹೋಗಿ ನೋಡುವವರು ಇರಲಿ, ನಮ್ಮ ತಕ್ಕಡಿ ನೋಡಲು ಬರುವ ಹಾಗೆ. 18 ವರ್ಷದ ಒಳಗಿನವರಿಗೆ ಚಕ್ರ ಬೇಡವೇ ಬೇಡ. ಮಗು ಮಾಡಿದ ಖರೀದಿಗೆ ಮನೆಯವರು ಇಂತಿಷ್ಟು ದಿನದ ಒಳಗೆ ದೂರು ಕೊಟ್ಟರೆ ದುಡ್ಡು ವಾಪಸ್ ಬರಬೇಕು, ಆ ದೂರನ್ನು ಮನುಷ್ಯರು ಓದಬೇಕು.

ಇನ್ನೊಂದು ವಿಷಯವೂ ಇದೆ. ಇದು ನನ್ನಂಥ ದೊಡ್ಡ ಗೇಮರ್‌ಗಳ ಕಷ್ಟ. 2014ರಲ್ಲಿ ಬಂದ 'ದಿ ಕ್ರೂ' ಅನ್ನುವ ಕಾರ್ ರೇಸ್ ಗೇಮನ್ನು ಯೂಬಿಸಾಫ್ಟ್ ಕಂಪನಿ 2024ರ ಮಾರ್ಚ್ ಕೊನೆಗೆ ನಿಲ್ಲಿಸಿತು. ಸರ್ವರ್ ಮುಚ್ಚಿದರು, ದುಡ್ಡು ಕೊಟ್ಟು ಕೊಂಡವರಿಗೂ ಆಟ ಇಲ್ಲ. ಒಬ್ಬರೇ ಆಡುವುದಕ್ಕೂ ಸರ್ವರ್ ಬೇಕಿತ್ತು. ಅದರಿಂದ ಹುಟ್ಟಿದ್ದೇ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್', ಅಂದರೆ ಗೇಮ್‌ಗಳನ್ನು ಕೊಲ್ಲಬೇಡಿ ಅನ್ನುವ ಚಳವಳಿ. ಯುರೋಪಿನಲ್ಲಿ 2025ರ ಜುಲೈ ಹೊತ್ತಿಗೆ 10 ಲಕ್ಷಕ್ಕೂ ಜಾಸ್ತಿ ಜನ ಅದರ ಮನವಿಗೆ ಸಹಿ ಹಾಕಿದರು. ಕ್ಯಾಲಿಫೋರ್ನಿಯಾದಲ್ಲಿ 2025ರಿಂದ ಒಂದು ಕಾನೂನು ಇದೆ. ನೀವು ಕೊಳ್ಳುತ್ತಿರುವುದು ಬರೀ ಬಳಸುವ ಪರವಾನಗಿ, ಗೇಮ್ ನಿಮ್ಮ ಸ್ವಂತದ್ದಾಗಲ್ಲ ಅಂತ ಮೊದಲೇ ಹೇಳಬೇಕು. ನನ್ನ ಅಲಮಾರಿಯಲ್ಲಿ 2008ರ ಸಿಡಿಗಳು ಇವೆ, ಈಗಲೂ ಓಡುತ್ತವೆ. ಆದರೆ ಹೋದ ತಿಂಗಳು 2,999 ರೂಪಾಯಿ ಕೊಟ್ಟು ಕೊಂಡ ಗೇಮ್ ಇನ್ನು ಐದು ವರ್ಷ ಇರುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಬ್ರೆಡ್ಡಿನ ಮೇಲೆ ಎಷ್ಟು ದಿನದ ಒಳಗೆ ತಿನ್ನಬೇಕು ಅಂತ ಬರೆದಿರುತ್ತದೆ. ಇದರ ಮೇಲೂ ಬರೆಯಲಿ.

ಈ ಪತ್ರದ ವಿಷಯ ಹೇಳಿದಾಗ ಒಬ್ಬ ಸ್ನೇಹಿತ "ಗೇಮ್‌ಗಳನ್ನೇ ಬ್ಯಾನ್ ಮಾಡಿ ಅಂತ ಬರಿ, ಕಥೆ ಮುಗಿಯುತ್ತೆ" ಅಂದ. ನಾನು ಒಪ್ಪಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ಬ್ಯಾನ್ ಆಯಿತು. ಮರುವರ್ಷ ಅದೇ ಆಟ ಬೇರೆ ಹೆಸರಿನಲ್ಲಿ ಬಂತು, 2022ರಲ್ಲಿ ಮತ್ತೆ ಹೋಯಿತು, 2023ರಲ್ಲಿ ಮತ್ತೆ ಬಂತು. ಈ ಹೋಗಿ ಬರುವುದರಲ್ಲಿ ನಮ್ಮ ಬೀದಿಯ ಹುಡುಗರು ಆಡುವುದನ್ನೇನೂ ಬಿಡಲಿಲ್ಲ. ಆ ಹುಡುಗರಲ್ಲಿ ಒಬ್ಬ ಈಗ ದಿನಾ ಬೆಳಿಗ್ಗೆ ರೈಲು ಹತ್ತಿ ಬೆಂಗಳೂರಿಗೆ ಹೋಗುತ್ತಾನೆ, ಒಂದು ಸ್ಟುಡಿಯೋದಲ್ಲಿ ಗೇಮ್‌ಗಳಿಗೆ ಮರ, ಕಲ್ಲು, ಮನೆ ಚಿತ್ರ ಮಾಡುತ್ತಾನೆ. ಅವನು ಮಾಡಿದ ಒಂದು ಹುಣಸೆಮರವನ್ನು ನನಗೆ ತೋರಿಸಿದ್ದ. ಒಂದೊಂದು ಎಲೆಯೂ ಗಾಳಿಗೆ ಅಲ್ಲಾಡುತ್ತಿತ್ತು. ಅಂಥ ಕೈಗಳು ಮಾಡಿದ ಆಟಕ್ಕೆ ನ್ಯಾಯವಾದ ಬೆಲೆ ಕೊಡಲು ನಾನು ಯಾವತ್ತೂ ಹಿಂದೆ ಮುಂದೆ ನೋಡಿಲ್ಲ.

"ತಂದೆ ತಾಯಿ ನೋಡಿಕೊಳ್ಳಬೇಕು" ಅನ್ನುವವರೂ ಇದ್ದಾರೆ. ಸರಿ, ನೋಡಿಕೊಳ್ಳಬೇಕು. ಅಕ್ಕ ಈಗ ಪಿನ್ ಬದಲಾಯಿಸಿದ್ದಾಳೆ. ಆದರೆ ಬೆಳಿಗ್ಗೆ ತೋಟಕ್ಕೆ ಹೋಗಿ ಸಂಜೆ ಬರುವ ಅಪ್ಪ, ಇಂಗ್ಲಿಷ್ ಬಾರದ ಅಜ್ಜಿ, ಇವರು ನಾಲ್ಕು ಪರದೆ ಹಿಂದೆ ಬಚ್ಚಿಟ್ಟಿರುವ ಸಣ್ಣ ಅಕ್ಷರವನ್ನು ಹೇಗೆ ನೋಡಿಕೊಳ್ಳುತ್ತಾರೆ?

ಹುಡುಗ ಈಗಲೂ ಗೇಮ್ ಆಡುತ್ತಾನೆ. ರಜಾ ಇದ್ದಾಗ ತುಮಕೂರಿಗೆ ಬರುತ್ತಾನೆ, ಇಬ್ಬರೂ ಕೂತು ಆಡುತ್ತೇವೆ. ಹೋದ ಭಾನುವಾರ ಹೊಸದೊಂದು ಗೇಮ್ ತೆರೆದು, ಒಂದು ಕಾರಿನ ಮೇಲೆ ಬೆರಳಿಟ್ಟು, "ಮಾಮ, ಇದು ಎಷ್ಟು ರೂಪಾಯಿ?" ಅಂತ ಕೇಳಿದ. ಮೊದಲು ಯಾವತ್ತೂ ಹೀಗೆ ಕೇಳಿದವನಲ್ಲ. ಇಬ್ಬರೂ ಹುಡುಕಿದೆವು. ಕಾರಿನ ಕೆಳಗೆ 980 ಅಂತ ಇತ್ತು, ಪಕ್ಕದಲ್ಲಿ ಒಂದು ನೀಲಿ ಹರಳಿನ ಚಿತ್ರ. ರೂಪಾಯಿ ಎಲ್ಲೂ ಇರಲಿಲ್ಲ.

ಆ ಪರದೆಯ ಫೋಟೋ, ಚಕ್ರದ ಫೋಟೋ, ಪಾಸ್‌ಬುಕ್ಕಿನ ಎರಡು ಪುಟದ ಜೆರಾಕ್ಸ್ ಈ ಪತ್ರದ ಜೊತೆ ಇಟ್ಟಿದ್ದೇನೆ. ನಿಮ್ಮ ಉತ್ತರಕ್ಕೆ ಕಾಯುತ್ತಿರುತ್ತೇನೆ.

ಇಂತಿ,
ಒಬ್ಬ ಗೇಮರ್ ಮತ್ತು ಕಿರಾಣಿ ಅಂಗಡಿಯವನು,
ಮಂಡಿಪೇಟೆ, ತುಮಕೂರು